ಬಳಸಿದ ಸ್ಪೋರ್ಟ್ಸ್ ಕಾರು: ತಪಾಸಣೆ ಮಾಡುವಾತ ಯಾರ ಪರ?

ಮಹಾನಗರಗಳಲ್ಲಿ ನೆಲೆಸಿ ಎರಡು ತಲೆಮಾರು ಕಳೆದ ನಮ್ಮ ಕುಟುಂಬಗಳಿಗೆ ಕಾರು ಇಂದು ಅಪರೂಪದ ವಸ್ತುವೇನಲ್ಲ. ಆದರೆ ಒಳ್ಳೆಯ ಸಂಬಳದ ಉದ್ಯೋಗದಲ್ಲಿರುವ ಮಗನೋ ಮಗಳೋ, ಹೊಸ ಸಾಧಾರಣ ಕಾರಿನ ಬೆಲೆಗೆ ಆರೇಳು ವರ್ಷ ಬಳಸಿದ ಸ್ಪೋರ್ಟ್ಸ್ ಕಾರು ದೊರೆಯುತ್ತದೆಂದು ಹೇಳಿದಾಗ ಹಿರಿಯರಾದವರು ಯೋಚನೆಗೆ ಬೀಳುತ್ತಾರೆ. ಮಕ್ಕಳ ಮಾತು ಸುಳ್ಳಲ್ಲ. ಇಂತಹ ದುಬಾರಿ ಕಾರುಗಳಲ್ಲಿ ಬಹುತೇಕವು ಮೊದಲ ಕೆಲವು ವರ್ಷಗಳಲ್ಲೇ ತಮ್ಮ ಬೆಲೆಯ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತವೆ. ಆದರೆ ಅವುಗಳ ಬಿಡಿಭಾಗಗಳ ಬೆಲೆ ಮಾತ್ರ ಇಳಿಯುವುದಿಲ್ಲ. ಕಾರು ಅರ್ಧ ಬೆಲೆಗೆ ಬಂದರೂ ಅದರ ಟರ್ಬೊ, ಗೇರ್ ಬಾಕ್ಸ್, ಬ್ರೇಕ್ ಡಿಸ್ಕುಗಳಿಗೆ ಪೂರ್ಣ ಬೆಲೆಯನ್ನೇ ತೆರಬೇಕು. ಆದುದರಿಂದಲೇ ಹಣ ಕೊಡುವ ಮೊದಲು ಸ್ವತಂತ್ರ ತಪಾಸಣೆ ಅತ್ಯಗತ್ಯ.

ಇಲ್ಲಿ 'ಸ್ವತಂತ್ರ' ಎಂಬ ಪದವೇ ಮುಖ್ಯ. ಮಾರಾಟದ ಮಳಿಗೆಗಳು ನೂರಾರು ಅಂಶಗಳನ್ನು ಪರೀಕ್ಷಿಸಿದ್ದೇವೆಂಬ ಪ್ರಮಾಣಪತ್ರವನ್ನು ಮುಂದಿಡುತ್ತವೆ. ಅದು ಪೂರ್ತಿ ನಿರುಪಯೋಗಿಯೆಂದು ಹೇಳಲಾರೆ. ಆದರೆ ಆ ಪರೀಕ್ಷೆ ಮಾಡಿದಾತನಿಗೆ ಸಂಬಳ ಕೊಡುವವರು ಕಾರನ್ನು ಮಾರುವವರೇ. ದಲ್ಲಾಳಿ ಕರೆತರುವ ಮೆಕ್ಯಾನಿಕ್ಕನ ಸ್ಥಿತಿಯೂ ಅಷ್ಟೇ. ಇನ್ನೊಂದು ತಪ್ಪು ಕಲ್ಪನೆಯನ್ನು ಬ್ಯಾಂಕಿನವನಾಗಿ ನಾನು ಆಗಾಗ ಕಾಣುತ್ತಿರುತ್ತೇನೆ. "ಬ್ಯಾಂಕೇ ಸಾಲ ಮಂಜೂರು ಮಾಡಿದೆ, ಮೌಲ್ಯಮಾಪಕರು ಬಂದು ನೋಡಿ ಹೋಗಿದ್ದಾರೆ, ಇನ್ನೇನು ಭಯ?" ಎನ್ನುವವರಿದ್ದಾರೆ. ಆ ಮೌಲ್ಯಮಾಪಕರು ಬರುವುದು ಬ್ಯಾಂಕಿನ ಹಣದ ಸುರಕ್ಷತೆಗಾಗಿ. ಸಾಲ ಮರುಪಾವತಿಯಾಗದಿದ್ದರೆ ಕಾರನ್ನು ಮಾರಿ ಎಷ್ಟು ವಸೂಲಾದೀತು ಎಂಬುದೇ ಅವರ ಪ್ರಶ್ನೆ. ಎಂಜಿನ್ನಿನ ಒಳಗೇನಿದೆ ಎಂಬುದಲ್ಲ. ಆ ವರದಿಯನ್ನು ನಂಬಿ ಖರೀದಿಸುವುದೆಂದರೆ ಪಕ್ಕದ ಮನೆಯವರ ರಕ್ತ ಪರೀಕ್ಷೆಯ ವರದಿ ನೋಡಿ ನಾವು ಔಷಧ ಸೇವಿಸಿದಂತೆ.

ಆದುದರಿಂದ ತಪಾಸಕನನ್ನು ಆರಿಸುವವರೂ ಶುಲ್ಕ ಕೊಡುವವರೂ ನಾವೇ ಆಗಿರಬೇಕು. ವರದಿಯೂ ನೇರವಾಗಿ ನಮ್ಮ ಕೈಗೇ ಬರಬೇಕು. ಅದೇ ಬ್ರಾಂಡಿನ ಅಧಿಕೃತ ಸರ್ವಿಸ್ ಕೇಂದ್ರ ಅಥವಾ ಆ ಜಾತಿಯ ಕಾರುಗಳಲ್ಲೇ ಪಳಗಿದ ಗ್ಯಾರೇಜು ಇದಕ್ಕೆ ತಕ್ಕುದು. ಬಡಾವಣೆಯ ನಂಬಿಗಸ್ತ ಮೆಕ್ಯಾನಿಕ್ ಎಷ್ಟೇ ಪ್ರಾಮಾಣಿಕನಾದರೂ ಈ ಕೆಲಸಕ್ಕೆ ಸಾಲದು.

ಕಾರು ತಣ್ಣಗಿರುವಾಗಲೇ ತಪಾಸಣೆ ಆರಂಭವಾಗಬೇಕು. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ತನ್ನ ಶಬ್ದವನ್ನೂ ಹೊಗೆಯನ್ನೂ ಮರೆಮಾಚಬಲ್ಲದು. ಅನಂತರ ಕಾರನ್ನು ಲಿಫ್ಟಿನ ಮೇಲೇರಿಸಿ ತಳಭಾಗವನ್ನು ನೋಡಬೇಕು. ನೆಲಕ್ಕೆ ಹತ್ತಿರವಾಗಿ ಓಡುವ ಈ ಕಾರುಗಳು ನಮ್ಮ ಸ್ಪೀಡ್ ಬ್ರೇಕರುಗಳ ಮೇಲೆ ಎಷ್ಟು ಸಲ ಹೊಟ್ಟೆ ಉಜ್ಜಿಕೊಂಡಿವೆ ಎಂಬುದು ಅಲ್ಲಿ ತಿಳಿಯುತ್ತದೆ. (ಅದೇ ಕಾರಿನಲ್ಲಿ ಚಾರ್ಮಾಡಿ ಘಾಟಿ ಇಳಿದು ಊರಿಗೆ ಹೋಗುವ ಕನಸಿದ್ದವರು ಇದನ್ನು ವಿಶೇಷವಾಗಿ ಗಮನಿಸಬೇಕು.) ಬಣ್ಣದ ದಪ್ಪವನ್ನು ಅಳೆಯುವ ಪುಟ್ಟ ಉಪಕರಣವೊಂದಿದೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 180 ಮೈಕ್ರಾನ್ ಇರುತ್ತದೆ. ಒಂದು ಬಾಗಿಲಲ್ಲಿ ಮಾತ್ರ ಅದು ಹಲವು ಪಟ್ಟು ಹೆಚ್ಚಾಗಿದ್ದರೆ ಒಳಗೆ ಪುಟ್ಟಿ ತುಂಬಿ ದುರಸ್ತಿ ಮಾಡಿದ್ದಾರೆಂದು ಅರ್ಥ.

ಸ್ಕ್ಯಾನರ್ ಜೋಡಿಸಿದಾಗ ಯಾವ ದೋಷವೂ ಕಾಣಲಿಲ್ಲವೆಂದು ಹಿಗ್ಗಬಾರದು. ದೋಷಗಳ ದಾಖಲೆಯನ್ನು ಅಳಿಸುವುದು ಒಂದು ನಿಮಿಷದ ಕೆಲಸ. ಆದರೆ ಹಾಗೆ ಅಳಿಸಿದ ಕೂಡಲೇ ಕಾರಿನ ಕಂಪ್ಯೂಟರ್ ತಾನೇ ನಡೆಸುವ ಸ್ವಯಂಪರೀಕ್ಷೆಗಳೂ 'ಅಪೂರ್ಣ' ಎಂಬ ಸ್ಥಿತಿಗೆ ಮರಳುತ್ತವೆ. ಕಾರು ಸಾಕಷ್ಟು ಓಡಿದ ಮೇಲೆಯೇ ಅವು ಪೂರ್ಣಗೊಳ್ಳುವುದು. ಜಾಣ ತಪಾಸಕ ಮೊದಲು ಅದನ್ನೇ ನೋಡುತ್ತಾನೆ. ಬ್ಯಾಟರಿ ಬದಲಿಸಿದ್ದರಿಂದ ಹಾಗಾಯಿತೆಂದು ಮಾರುವವರು ಹೇಳಬಹುದು, ಅದು ನಿಜವೂ ಇರಬಹುದು; ನಾಲ್ಕು ದಿನ ಓಡಿಸಿ ಮತ್ತೆ ತೋರಿಸಲಿ. ಪೋರ್ಷೆಯಂತಹ ಕಾರುಗಳಲ್ಲಿ ಎಂಜಿನ್ ಮಿತಿ ಮೀರಿ ತಿರುಗಿದ ಲೆಕ್ಕವೂ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ. ಹಿಂದಿನ ಮಾಲೀಕ ಹೇಗೆ ಓಡಿಸಿದನೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ.

ಸ್ಪೋರ್ಟ್ಸ್ ಕಾರಿನ ಮತ್ತೊಂದು ವಿಶೇಷ ಪಿಡುಗೆಂದರೆ ಮಾರ್ಪಾಡು. ಶಕ್ತಿ ಹೆಚ್ಚಿಸಲು ಎಂಜಿನ್ನಿನ ಸಾಫ್ಟ್‌ವೇರನ್ನು ತಿದ್ದಿಸಿ, ಮಾರುವಾಗ ಮೊದಲಿನಂತೆ ಮಾಡಿಸಿದವರಿದ್ದಾರೆ. ಕ್ಲಚ್ ಮತ್ತು ಗೇರ್ ಬಾಕ್ಸ್ ಅನುಭವಿಸಿದ ಒತ್ತಡ ಮಾತ್ರ ಹಾಗೆಯೇ ಉಳಿಯುತ್ತದೆ. ಅಬ್ಬರದ ಸೈಲೆನ್ಸರ್ ಹಾಕಿದ್ದರೆ ಮೂಲ ಭಾಗವನ್ನು ಕೇಳಿ ಪಡೆಯಿರಿ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಕ್ಕೆ ಭಿನ್ನವಾದ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ.

ಇನ್ನು ನೆರೆಯ ಮಾತು. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದುದನ್ನು ಇಲ್ಲಿಯ ಹಿರಿಯರು ಮರೆತಿಲ್ಲ; 2015ರ ಡಿಸೆಂಬರಿನಲ್ಲಿ ಚೆನ್ನೈ ಅದನ್ನೇ ಕಂಡಿತು. ನೀರಿನಲ್ಲಿ ಮುಳುಗಿದ ಕಾರುಗಳು ತೊಳೆದು ಒಣಗಿ ಬೇರೆ ಊರಿನಲ್ಲಿ ಮಾರಾಟಕ್ಕೆ ಬರುವುದುಂಟು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿದರೆ ಮಡಿಕೆಯೊಳಗೆ ಕೆಸರಿನ ಗೆರೆ ಸಿಗಬಹುದು. ಸೀಟಿನಡಿಯ ಬೋಲ್ಟುಗಳ ತುಕ್ಕು, ಕಾರ್ಪೆಟ್ಟಿನಡಿಯ ತೇವ ಕೂಡ ಸುಳಿವು ಕೊಡುತ್ತವೆ. ಹತ್ತಾರು ಕಂಪ್ಯೂಟರುಗಳನ್ನು ಹೊತ್ತ ಕಾರಿಗೆ ನೀರು ನಿಧಾನ ವಿಷ. ಇಂದು ಓಡುತ್ತದೆ, ಆರು ತಿಂಗಳಲ್ಲಿ ಒಂದೊಂದೇ ದೀಪ ಉರಿಯತೊಡಗುತ್ತದೆ.

ಕಾಗದಪತ್ರಗಳನ್ನು ನೀವೇ ನೋಡಬಹುದು. ಆರ್.ಸಿ.ಯಲ್ಲಿ ಹೈಪೊಥಿಕೇಶನ್ ನಮೂದಿದ್ದರೆ ಬ್ಯಾಂಕಿನ ಪತ್ರ ಮತ್ತು ಫಾರ್ಮ್ 35, ಬೇರೆ ರಾಜ್ಯದ ಕಾರಾದರೆ ಫಾರ್ಮ್ 28ರ ನಿರಾಕ್ಷೇಪಣಾ ಪತ್ರ ಇರಲೇಬೇಕು. ಚಾಸಿಸ್ ಸಂಖ್ಯೆಯನ್ನು ಕಾರಿನ ಮೇಲೆಯೇ ಓದಿ ತಾಳೆ ನೋಡಿ.

ಮುಂಗಡ ಕೊಡುವಾಗ, ತಪಾಸಣೆ ತೃಪ್ತಿಕರವಾಗದಿದ್ದಲ್ಲಿ ಹಣ ಹಿಂದಿರುಗಿಸತಕ್ಕದ್ದೆಂದು ರಸೀದಿಯಲ್ಲಿ ಬರೆಸಿಕೊಳ್ಳಿರಿ. ವರದಿ ಕೈಸೇರಿದ ಮೇಲೆ ಪ್ರತಿಯೊಂದು ದೋಷದ ಎದುರು ದುರಸ್ತಿಯ ಅಂದಾಜು ವೆಚ್ಚ ಬರೆಸಿ, ಆ ಮೊತ್ತವನ್ನು ಹಿಡಿದೇ ಬೆಲೆಯ ಮಾತಿಗೆ ಕೂರಬಹುದು. ತಪಾಸಣೆಗೆ ಕಾರು ಕೊಡಲಾಗದು, ಬೇರೆ ಗಿರಾಕಿ ಸಂಜೆಯೇ ಬರುತ್ತಾರೆ ಎಂದು ಅವಸರಪಡಿಸುವವರಿದ್ದರೆ, ಆ ಗಿರಾಕಿಗೇ ಕಾರು ಹೋಗಲಿ.