ಭೀಮೆಯ ದಂಡೆಯ ಕಲ್ಲುಗಳು

ಶಿಲ್ಪವೆಂದರೆ ಗುಡಿಯೊಳಗೆ ಇರತಕ್ಕದ್ದು, ಇಲ್ಲವೇ ವಸ್ತುಸಂಗ್ರಹಾಲಯದಲ್ಲಿ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ದಾರಿಹೋಕನ ಕಣ್ಣಿಗೆ ಬೀಳಲೆಂದೇ ಬಯಲಿನಲ್ಲಿ ನಿಲ್ಲಿಸಿದ ಶಿಲ್ಪವನ್ನು ಕಾಣಲು ಪರದೇಶದ ನಗರಗಳ ನದೀತೀರಗಳಿಗೇ ಹೋಗಬೇಕೆಂದು ನಾನೂ ಬಹುಕಾಲ ತಿಳಿದಿದ್ದೆ. ಆ ತಪ್ಪನ್ನು ತಿದ್ದಿದವಳು ನಮ್ಮ ಭೀಮೆ.

ನನ್ನ ಊರು ಶಹಾಪುರದ ಬಳಿಯ ದೋರನಹಳ್ಳಿ. ಚಿಕ್ಕಂದಿನಲ್ಲಿ ಅವ್ವನೊಡನೆ ಸನ್ನತಿಯ ಚಂದ್ರಲಾಂಬೆಯ ದರ್ಶನಕ್ಕೆ ಹೋಗುವುದಿತ್ತು. ದರ್ಶನವಾದ ಮೇಲೆ ಹೊಳೆಯ ದಂಡೆಗುಂಟ ನಡೆದು, ನೆರಳು ಕಂಡಲ್ಲಿ ಬುತ್ತಿ ಬಿಚ್ಚುತ್ತಿದ್ದೆವು. ಅಲ್ಲೊಂದು ಕಲ್ಲು ಬಿದ್ದಿತ್ತು. ಮೇಲ್ಭಾಗದಲ್ಲಿ ಕುಳಿತ ಗಂಡಹೆಂಡಿರು, ಕೆಳಗೆ ಎತ್ತಿನ ಗಾಡಿ. "ಜಾತ್ರಿಗೆ ಹೊಂಟಾರ ನೋಡು" ಎಂದಿದ್ದಳು ಅವ್ವ. ರೊಟ್ಟಿಯ ಗಂಟನ್ನು ಆ ಕಲ್ಲಿನ ಮೇಲೆಯೇ ಇಟ್ಟೆವು. ಸಾತವಾಹನರ ಕಾಲದಲ್ಲಿ, ತೀರಿಕೊಂಡವರ ನೆನಪಿಗೆಂದು ಹೀಗೆ ಕಲ್ಲು ನಿಲ್ಲಿಸುತ್ತಿದ್ದರೆಂಬುದನ್ನು ತಿಳಿಯಲು ನಾನು ಎಂ.ಎ. ಮುಗಿಸಬೇಕಾಯಿತು.

ಸನ್ನತಿಯ ಪ್ರಾಚೀನತೆಯನ್ನು 1954ರಲ್ಲಿ ಮೊದಲು ಗುರುತಿಸಿದವರು ಕಪಟರಾಳ ಕೃಷ್ಣರಾಯರು. 1986ರಲ್ಲಿ ಅಲ್ಲಿನ ಕಾಳಿಕಾ ಗುಡಿಯ ಮಾಳಿಗೆ ಕುಸಿದು ಮೂರ್ತಿ ಭಗ್ನವಾಯಿತು. ಅವಶೇಷಗಳನ್ನು ತೆಗೆದಾಗ ಮೂರ್ತಿಗೆ ಪೀಠವಾಗಿದ್ದ ಕಲ್ಲಿನ ಎರಡೂ ಮುಖಗಳಲ್ಲಿ ಅಶೋಕನ ಶಾಸನವಿತ್ತು! ಮೂರ್ತಿಯನ್ನು ಕೂಡಿಸಲು ನಡುವೆ ಕುಳಿ ಕೊರೆದಿದ್ದರಿಂದ ಕೆಲವು ಅಕ್ಷರಗಳು ನಷ್ಟವಾಗಿವೆ. ಕೊರೆದವರನ್ನು ನಾನು ನಿಂದಿಸಲಾರೆ. ಬುತ್ತಿಯ ಗಂಟು ಇಟ್ಟವನು ನಾನು.

ಸನಿಹದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಉತ್ಖನನ ನಡೆದು ಬೌದ್ಧ ಸ್ತೂಪವೊಂದು ಹೊರಬಂದಿತು. ಅಲ್ಲಿನ ಶಾಸನಗಳು ಅದನ್ನು 'ಅಧೋಲೋಕ ಮಹಾಚೈತ್ಯ' ಎಂದು ಕರೆಯುತ್ತವೆ. ಮೂವತ್ತು ವರ್ಷ ತರಗತಿಯಲ್ಲಿ ಮಸ್ಕಿಯ ಶಾಸನದ ಪಾಠ ಹೇಳಿದ ನಾನು ಇಷ್ಟು ಹತ್ತಿರದ ಆ ತಾಣಕ್ಕೆ ಹೋದದ್ದು ನಿವೃತ್ತಿಯ ತರುವಾಯ. ನಾಚಿಕೆಯ ಮಾತು, ಆದರೂ ಹೇಳಲೇಬೇಕು.

ಸ್ತೂಪವೆಂದರೆ ಒಳಹೊಕ್ಕು ಕೈಮುಗಿಯುವ ಗುಡಿಯಲ್ಲ, ಸುತ್ತು ಬರುವ ಕಟ್ಟಡ. ಆದುದರಿಂದ ಶಿಲ್ಪವೆಲ್ಲ ಹೊರಮೈಯಲ್ಲೇ, ನಡೆಯುವವನ ಕಣ್ಣಿಗೆ ಅಭಿಮುಖವಾಗಿ. ನಮ್ಮ ಸೀಮೆಯ ಸುಣ್ಣಕಲ್ಲಿನ ಆಳೆತ್ತರ ಮೀರಿದ ಫಲಕಗಳ ಮೇಲೆ ಬುದ್ಧನ ಕಥೆಗಳು, ಜಾತಕಗಳು, ಅರಸರು. ಕೆಳಗೆ ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತದಲ್ಲಿ ಇದು ಇಂಥದು ಎಂಬ ಚಿಕ್ಕ ಬರಹ. ಉಜ್ಜಯಿನಿಯನ್ನು ಬಿಟ್ಟುಕೊಡುವ ಪುಳುಮಾವಿಯೂ ಅಲ್ಲಿದ್ದಾನೆ. ಒಂದು ಫಲಕದಲ್ಲಿ ರಾಜರಾಣಿಯರು, ಸುತ್ತ ಛತ್ರ ಚಾಮರ ಹಿಡಿದ ಪರಿಚಾರಿಕೆಯರು. ಬರಹ 'ರಾಯ ಅಸೋಕೋ'. ಇದನ್ನು ಅಶೋಕನ ಭಾವಚಿತ್ರವೆಂದು ಕೆಲವರು ಸಂಭ್ರಮಿಸುವುದುಂಟು. ಅಷ್ಟು ದೂರ ಹೋಗಬೇಕಾಗಿಲ್ಲ. ಕಡೆದವನು ಅಶೋಕನಿಗಿಂತ ಶತಮಾನಗಳಷ್ಟು ಈಚಿನವನು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಖವಲ್ಲ, ಆ 'ರಾಯ' ಎಂಬ ಮಾತು. ನಮ್ಮ ಹೆಸರುಗಳ ತುದಿಯಲ್ಲಿ ಇಂದಿಗೂ ಉಳಿದಿರುವ 'ರಾಯ'ನೇ ಅವನು.

ಈ ಬರಹಗಳನ್ನು ಯಾರಿಗಾಗಿ ಕೆತ್ತಿದರು? ಪಂಡಿತನಿಗೆ ಅವು ಬೇಕಿರಲಿಲ್ಲ. ಸುತ್ತು ಬರುತ್ತಾ "ಇವರಾರು?" ಎಂದು ಕೇಳುವ ಸಾಮಾನ್ಯನಿಗಾಗಿ ಇರಬೇಕು. ದಾನ ಕೊಟ್ಟವರ ಹೆಸರುಗಳೂ ಅಲ್ಲಿವೆ. ಭಿಕ್ಷುಗಳು, ಭಿಕ್ಷುಣಿಯರು, ಗೃಹಸ್ಥರು. ಊರವರ ಹಣದಿಂದ, ಊರವರ ಕಣ್ಣಿಗಾಗಿ ಆದ ಶಿಲ್ಪವಿದು. ಶತಮಾನಗಳ ಬಳಿಕ ಓದುವವರಿಲ್ಲದೆ ಆ ಬರಹ ಮೂಕವಾಯಿತು. ಅವ್ವ ತನಗೆ ತೋಚಿದ್ದನ್ನು ಹೇಳಿದಳು.

ಸಂಜೆ ಹೊಳೆದಂಡೆಗುಂಟ ಹಳೆಯ ಜಾಗವನ್ನು ಹುಡುಕುತ್ತ ನಡೆದೆ. ಗಾಡಿಯ ಕಲ್ಲು ಸಿಗಲಿಲ್ಲ. ದನ ಹೊಡೆದುಕೊಂಡು ಬರುತ್ತಿದ್ದ ಮುದುಕನೊಬ್ಬನನ್ನು ಕೇಳಿದೆ. "ಅಂಥಾವು ಭಾಳ ಇದ್ದುವ್ರೀ, ಯಾವ್ದಂತ ಹೇಳಲಿ" ಎಂದ.