ನೂರು ಪರ್ಸೆಂಟ್ ತೋರಿಸಿ ಕೈಕೊಟ್ಟ ಬೀಗ

ರಾತ್ರಿ ಹನ್ನೊಂದು ಗಂಟೆ ದಾಟಿತ್ತು. ಬೆಳಿಗ್ಗೆ ಒಂಬತ್ತೂವರೆಗೆ ನನಗೆ ಇಂಟರ್‌ವ್ಯೂ. ಮಾರ್ಕ್ಸ್ ಕಾರ್ಡುಗಳ ಫೈಲು, ಇಸ್ತ್ರಿ ಮಾಡಿಟ್ಟ ಚೂಡಿದಾರ, ಪ್ರಿಂಟ್ ಹಾಕಿಸಿದ ರೆಸ್ಯೂಮೆ ಎಲ್ಲವೂ ಬಾಗಿಲಿನ ಆಚೆ. ನಾನು ಮತ್ತು ನನ್ನ ಇಬ್ಬರು ರೂಮ್‌ಮೇಟ್‌ಗಳು ಬಾಗಿಲಿನ ಈಚೆ. ಮಧ್ಯದಲ್ಲಿ ಒಂದು ಸ್ಮಾರ್ಟ್ ಬೀಗ. ಬೆರಳಿಟ್ಟರೆ ದೀಪ ಹತ್ತಲಿಲ್ಲ, ನಂಬರ್ ಒತ್ತಿದರೆ ಸದ್ದಿಲ್ಲ. ಮೊಬೈಲ್ ಆ್ಯಪ್ ಅಂತೂ ಬೀಗವೇ ಸಿಗುತ್ತಿಲ್ಲ ಎಂದಿತು. ತಮಾಷೆಯೆಂದರೆ, ಅದೇ ದಿನ ಬೆಳಿಗ್ಗೆ ಅದೇ ಆ್ಯಪ್ ಬ್ಯಾಟರಿ ನೂರು ಪರ್ಸೆಂಟ್ ಇದೆ ಎಂದು ತೋರಿಸಿತ್ತು.

‘ಏನವಾ ಇಂಜಿನಿಯರಮ್ಮ, ನಿನ್ನ ನೂರು ಪರ್ಸೆಂಟ್ ಎಲ್ಲಿ ಹೋತು?’ ಎಂದಳು ವಿಜಯಪುರದ ಗೆಳತಿ. ನನ್ನ ಹತ್ತಿರ ಉತ್ತರವಿರಲಿಲ್ಲ. ಏಕೆಂದರೆ ಆ ಬೀಗಕ್ಕೆ ಆ ಸ್ಥಿತಿ ತಂದವಳು ನಾನೇ.

ಉಳಿತಾಯದ ಹುಚ್ಚು

ಬೆಂಗಳೂರಿಗೆ ಬರುವ ಹುಡುಗಿಯರು ಬೀಗದ ಕೈ ಕಳೆದುಕೊಳ್ಳುವುದು ಜಾಸ್ತಿ ಎಂದು ನಮ್ಮ ಮನೆ ಓನರ್ ಆಂಟಿ ಬಾಗಿಲಿಗೆ ಸ್ಮಾರ್ಟ್ ಬೀಗ ಹಾಕಿಸಿದ್ದರು. ಅದಕ್ಕೆ ಡಬಲ್ ಎ ಸೈಜಿನ ನಾಲ್ಕು ಸೆಲ್ ಬೇಕು. ಆಂಟಿ ಹಾಕಿಕೊಟ್ಟ ಆಲ್ಕಲೈನ್ ಸೆಲ್ಲುಗಳು ಏಳು ತಿಂಗಳು ಬಂದವು. ಆಮೇಲೆ ಬೀಗ ಕುಯ್ಯೋ ಎಂದು ಕೂಗತೊಡಗಿದಾಗ ಹೊಸ ಸೆಲ್ ತರುವ ಕೆಲಸ ನನ್ನ ಪಾಲಿಗೆ ಬಂತು. ಮೂವರಲ್ಲಿ ಎಲೆಕ್ಟ್ರಾನಿಕ್ಸ್ ಓದಿದವಳು ನಾನೊಬ್ಬಳೇ.

ಕಾಲೇಜು ಮುಗಿದು ವರ್ಷ ದಾಟಿತ್ತು, ಕೆಲಸ ಸಿಕ್ಕಿರಲಿಲ್ಲ. ಸಂಜೆ ನಾಲ್ಕು ಮಕ್ಕಳಿಗೆ ಟ್ಯೂಷನ್ ಹೇಳಿ ಬಂದ ದುಡ್ಡಿನಲ್ಲಿ ನನ್ನ ಬದುಕು. ನಾಲ್ಕು ಒಳ್ಳೆಯ ಆಲ್ಕಲೈನ್ ಸೆಲ್ಲಿಗೆ 200 ರೂಪಾಯಿ ಎಂದಾಗ ಹೊಟ್ಟೆ ಉರಿಯಿತು. ‘ಬಳಸಿ ಬಿಸಾಡುವುದಕ್ಕೆ ಇಷ್ಟು ದುಡ್ಡೇಕೆ? ರೀಚಾರ್ಜ್ ಮಾಡುವ ಸೆಲ್ ಹಾಕಿದರೆ ಜೀವನಪೂರ್ತಿ ಚಿಂತೆಯಿಲ್ಲ’ ಎಂದು ಭಾಷಣ ಬಿಗಿದೆ. ಬೀಗದ ಕೈಪಿಡಿಯಲ್ಲಿ ‘ಆಲ್ಕಲೈನ್ ಸೆಲ್ ಮಾತ್ರ ಬಳಸಿ, ರೀಚಾರ್ಜಬಲ್ ಬೇಡ’ ಎಂದು ಸ್ಪಷ್ಟವಾಗಿಯೇ ಇತ್ತು. ಇದೆಲ್ಲ ಕಂಪನಿಯವರ ವ್ಯಾಪಾರದ ಬುದ್ಧಿ ಎಂದು ಪುಟ ಮಗುಚಿದೆ.

ಮೊದಲು ತಂದಿದ್ದು ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್. ಚಾರ್ಜರ್ ಸೇರಿ 1,300 ರೂಪಾಯಿ. ರಾತ್ರಿಯೆಲ್ಲ ಚಾರ್ಜ್ ಮಾಡಿ ಹಾಕಿದರೆ ಆ್ಯಪ್ ಅರವತ್ತು ಪರ್ಸೆಂಟ್ ಎಂದಿತು. ಎರಡೇ ದಿನಕ್ಕೆ ನಲವತ್ತು. ಮೂರನೇ ವಾರದಿಂದ ಬಾಗಿಲು ತೆಗೆದಾಗಲೆಲ್ಲ ಬೀಗದ ಗೋಳಾಟ ಶುರು. ಸೆಲ್ ತೆಗೆದು ಮಲ್ಟಿಮೀಟರಿನಲ್ಲಿ ನೋಡಿದರೆ ಒಂದೊಂದರಲ್ಲೂ 1.25 ವೋಲ್ಟ್ ಇತ್ತು. ಸೆಲ್ಲಿನ ಹೊಟ್ಟೆ ತುಂಬಿದೆ, ಬೀಗ ಮಾತ್ರ ಹಸಿವು ಎನ್ನುತ್ತಿದೆ!

ಕಾರಣ ನಮ್ಮ ಮೊದಲ ಸೆಮಿಸ್ಟರಿನ ಪಾಠದಷ್ಟೇ ಸುಲಭ. ಹೊಸ ಆಲ್ಕಲೈನ್ ಸೆಲ್ 1.5 ವೋಲ್ಟಿಗಿಂತ ಸ್ವಲ್ಪ ಮೇಲಿನಿಂದಲೇ ಶುರುವಾಗುತ್ತದೆ. ನಾಲ್ಕು ಸೇರಿದರೆ ಆರು ವೋಲ್ಟ್. ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್ಲಿನ ಸಹಜ ವೋಲ್ಟೇಜೇ 1.2. ನಾಲ್ಕು ಸೇರಿದರೆ 4.8. ನಮ್ಮ ಬೀಗ ‘ಬ್ಯಾಟರಿ ಕಮ್ಮಿ’ ಎಂದು ಕೂಗುವುದೂ 4.8 ವೋಲ್ಟಿಗೇ. ಅಂದರೆ ಬೀಗದ ಲೆಕ್ಕದಲ್ಲಿ ನನ್ನ ಸೆಲ್ಲುಗಳು ಹುಟ್ಟಾ ರೋಗಿಗಳು.

ಇಷ್ಟಕ್ಕೇ ಬುದ್ಧಿ ಬರಬೇಕಿತ್ತು, ಬರಲಿಲ್ಲ. ಆಮೇಲೆ ತಂದಿದ್ದು 1.5 ವೋಲ್ಟಿನ ಲಿಥಿಯಂ ರೀಚಾರ್ಜಬಲ್ ಸೆಲ್. ನಾಲ್ಕಕ್ಕೆ 1,500 ರೂಪಾಯಿ, ನನ್ನ ಟ್ಯೂಷನ್ ದುಡ್ಡು. ಹಾಕಿದ ಕೂಡಲೇ ಆ್ಯಪ್ ನೂರು ಪರ್ಸೆಂಟ್ ಎಂದಿತು. ತಿಂಗಳಾದರೂ ನೂರು, ಮೂರು ತಿಂಗಳಾದರೂ ನೂರು. ‘ನೋಡಿದ್ರಾ?’ ಎಂದು ನಾನು ಬೀಗುತ್ತಿದ್ದೆ. ಐದನೇ ತಿಂಗಳ ಆ ರಾತ್ರಿ ಬೀಗ ಒಂದು ಮಾತೂ ಹೇಳದೆ ಕಣ್ಣು ಮುಚ್ಚಿತು.

ಮಲ್ಟಿಮೀಟರ್ ಉಳಿಸಿದ ಮಾನ

ಬೀಗಕ್ಕೆ ಮಾಮೂಲಿ ಕೀಲಿಯೂ ಇತ್ತು. ಎರಡರಲ್ಲಿ ಒಂದು ಆಂಟಿ ಹತ್ತಿರ, ಅವರು ಮೈಸೂರಿನ ಮಗಳ ಮನೆಗೆ ಹೋಗಿದ್ದರು. ಇನ್ನೊಂದು ಭದ್ರವಾಗಿರಲಿ ಎಂದು ನಾನೇ ನನ್ನ ಸೂಟ್‌ಕೇಸಿನಲ್ಲಿ ಇಟ್ಟಿದ್ದೆ. ಸೂಟ್‌ಕೇಸ್ ಒಳಗಡೆ.

ಸೆಲ್ ಬದಲಿಸೋಣವೆಂದರೆ ಸೆಲ್ ಹಾಕುವ ಜಾಗ ಇರುವುದೂ ಬಾಗಿಲಿನ ಒಳಭಾಗದಲ್ಲಿ. ಬಾಗಿಲು ಒಡೆಸಿದರೆ ಅಡ್ವಾನ್ಸಿನಲ್ಲಿ ಎಷ್ಟು ಮುರಿದುಕೊಳ್ಳುತ್ತಾರೋ ಎಂಬ ಭಯ ಬೇರೆ. ಇಂಟರ್‌ವ್ಯೂಗೆ ಒರಿಜಿನಲ್ ಸರ್ಟಿಫಿಕೇಟ್ ಇಲ್ಲದೆ ಬರಬೇಡಿ ಎಂದು ಮೇಲ್‌ನಲ್ಲಿ ಬರೆದಿದ್ದರು. ಮೆಟ್ಟಿಲ ಮೇಲೆ ಕುಳಿತು ಅಳುವುದೊಂದು ಬಾಕಿ.

ಆಗ ಪುತ್ತೂರಿನ ಗೆಳತಿ ಮೊಬೈಲ್ ಟಾರ್ಚ್ ಬಿಟ್ಟು ಬೀಗದ ಅಡಿಭಾಗ ನೋಡುತ್ತಾ, ‘ಇದೆಂತದು ಮಾರಾಯ್ತಿ, ಎರಡು ಚುಕ್ಕಿ?’ ಎಂದಳು. ಎರಡು ಸಣ್ಣ ಲೋಹದ ಗುಂಡಿಗಳು. ನಾನು ಅವನ್ನು ಇಷ್ಟು ದಿನ ಸ್ಕ್ರೂ ಎಂದುಕೊಂಡಿದ್ದೆ! ಕೈಪಿಡಿಯ ಕೊನೆಯ ಪುಟ ನೆನಪಾಯಿತು. ಸೆಲ್ ಪೂರ್ತಿ ಖಾಲಿಯಾದರೆ ಹೊರಗಿನಿಂದ ಒಂಬತ್ತು ವೋಲ್ಟಿನ ಚೌಕಾಕಾರದ ಬ್ಯಾಟರಿಯನ್ನು ಅಲ್ಲಿಗೆ ಒತ್ತಿ ಹಿಡಿಯಬೇಕು. ಹಿಡಿದಷ್ಟು ಹೊತ್ತು ಬೀಗಕ್ಕೆ ಜೀವ ಬರುತ್ತದೆ, ಅಷ್ಟರಲ್ಲಿ ನಂಬರ್ ಒತ್ತಿ ಬಾಗಿಲು ತೆಗೆಯಬೇಕು.

ಆ ಹೊತ್ತಿನಲ್ಲಿ ಅಂಥ ಬ್ಯಾಟರಿ ಎಲ್ಲಿ ಸಿಗುತ್ತದೆ? ಬೀದಿಯ ಅಂಗಡಿಗಳೆಲ್ಲ ಮುಚ್ಚಿದ್ದವು. ನನ್ನ ಮಲ್ಟಿಮೀಟರಿನಲ್ಲಿ ಅದೇ ಬ್ಯಾಟರಿ ಇದೆ, ಆದರೆ ಅದೂ ಒಳಗೆ. ಮಲ್ಟಿಮೀಟರ್ ಎಂದ ಕೂಡಲೇ ಕೆಳಮನೆಯ ಎಲೆಕ್ಟ್ರಿಷಿಯನ್ ಅಣ್ಣ ನೆನಪಾದರು. ಸಂಕೋಚದಿಂದಲೇ ಬಾಗಿಲು ಬಡಿದೆ. ‘ಅಣ್ಣಾ, ನಿಮ್ಮ ಮೀಟರಿನ ಬ್ಯಾಟರಿ ಒಂದೈದು ನಿಮಿಷ ಕೊಡ್ತೀರಾ?’

ಅವರು ನಿದ್ದೆಗಣ್ಣಿನಲ್ಲೇ ಮೀಟರ್ ಬಿಚ್ಚಿ ಬ್ಯಾಟರಿ ತೆಗೆದು, ತಾವೇ ಮೇಲೆ ಬಂದು ಹಿಡಿದರು. ಬೀಗ ಕಣ್ಣು ಬಿಟ್ಟಿತು. ನಂಬರ್ ಒತ್ತಿದೆ. ಗರ್ ಎಂದು ಮೋಟಾರ್ ತಿರುಗಿದ ಸದ್ದಿನಷ್ಟು ಇಂಪಾದ ಸದ್ದನ್ನು ನಾನು ಇದುವರೆಗೆ ಕೇಳಿಲ್ಲ.

ಅಷ್ಟಕ್ಕೇ ಬಿಡದೆ ಅವರು ನಾಲ್ಕೂ ಸೆಲ್ ತೆಗೆದು ಅಳೆದರು. ಮೂರರಲ್ಲಿ ಸರಿಯಾಗಿ 1.5 ವೋಲ್ಟ್. ನಾಲ್ಕನೆಯದರಲ್ಲಿ ಸೊನ್ನೆ. ‘ಒಂದು ಸಾಲಿನಲ್ಲಿ ನಿಂತಿರೋದಲ್ವಾಮ್ಮ, ಒಬ್ಬ ಕೈ ಬಿಟ್ಟರೆ ಮುಗೀತು’ ಎಂದರು. ನಾಲ್ಕು ವರ್ಷ ಓದಿದ ನಾನು ತಲೆಯಾಡಿಸಿದೆ.

ಟ್ಯಾಂಕು, ನಲ್ಲಿ ಮತ್ತು ಪಂಪು

ಆ ರಾತ್ರಿ ನಿದ್ದೆ ಬರದೆ ಹಾಳೆಯ ಮೇಲೆ ಲೆಕ್ಕ ಹಾಕಿದೆ. ಬೀಗಕ್ಕೆ ಸೆಲ್ಲಿನೊಳಗೆ ಎಷ್ಟು ಚಾರ್ಜ್ ಉಳಿದಿದೆ ಎಂದು ನೋಡುವ ಕಣ್ಣಿಲ್ಲ. ಅದಕ್ಕೆ ಗೊತ್ತಾಗುವುದು ವೋಲ್ಟೇಜ್ ಮಾತ್ರ. ಆಲ್ಕಲೈನ್ ಸೆಲ್ ಬಳಸಿದಂತೆಲ್ಲ ವೋಲ್ಟೇಜ್ ನಿಧಾನವಾಗಿ ಇಳಿಯುತ್ತದೆ. ಅದನ್ನು ನೋಡಿ ಬೀಗ ‘ಇಷ್ಟು ಪರ್ಸೆಂಟ್ ಇರಬಹುದು’ ಎಂದು ಅಂದಾಜು ಮಾಡುತ್ತದೆ. ನಲ್ಲಿಯ ರಭಸ ನೋಡಿ ಮಹಡಿ ಮೇಲಿನ ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂದು ಊಹಿಸಿದಂತೆ.

ನಿಕ್ಕಲ್ ಸೆಲ್ಲಿನಲ್ಲಿ ರಭಸ ಮೊದಲಿನಿಂದಲೂ ಕಡಿಮೆ. ಆದರೆ ಬಹಳ ಹೊತ್ತು ಒಂದೇ ಸಮನಾಗಿ ಬಂದು, ಕೊನೆಗೆ ದಿಢೀರ್ ಇಳಿಯುತ್ತದೆ. ಲಿಥಿಯಂ ಸೆಲ್ಲಿನ ಕತೆಯೇ ಬೇರೆ. ಅದರೊಳಗಿರುವುದು ನಮ್ಮ ಮೊಬೈಲಿನಲ್ಲಿರುವಂಥ 3.7 ವೋಲ್ಟಿನ ಕೋಶ. ಜೊತೆಗೊಂದು ಪುಟ್ಟ ಸರ್ಕ್ಯೂಟ್ ಆ 3.7 ಅನ್ನು 1.5ಕ್ಕೆ ಇಳಿಸಿ ಹೊರಗೆ ಬಿಡುತ್ತದೆ. ಇದು ನಲ್ಲಿಗೆ ಪ್ರೆಷರ್ ಪಂಪ್ ಕೂರಿಸಿದ ಹಾಗೆ. ಟ್ಯಾಂಕಿನಲ್ಲಿ ಕೊನೆಯ ಬಿಂದಿಗೆ ನೀರಿದ್ದರೂ ರಭಸ ಅಷ್ಟೇ. ಮುಖಕ್ಕೆ ಸೋಪು ಹಚ್ಚಿಕೊಂಡಾಗ ಗಕ್ಕನೆ ನಿಲ್ಲುತ್ತದೆ. ಒಳಗಿನ ಕೋಶ ಹಾಳಾಗದಿರಲಿ ಎಂದು ಸರ್ಕ್ಯೂಟ್ ತಾನಾಗಿಯೇ ಸಂಪರ್ಕ ಕಡಿದುಬಿಡುತ್ತದೆ. ಮೀಟರಿನಲ್ಲಿ ಕಂಡ ಸೊನ್ನೆ ಅದೇ.

ಸೆಲ್ ಕೆಟ್ಟದ್ದಲ್ಲ, ಬೀಗವೂ ಕೆಟ್ಟದ್ದಲ್ಲ. ಒಂದರ ಭಾಷೆ ಇನ್ನೊಂದಕ್ಕೆ ಗೊತ್ತಿಲ್ಲ, ಅಷ್ಟೆ. ಮೊದಲೇ ಗೊತ್ತು ಮಾಡಿಕೊಳ್ಳಬೇಕಾದವಳು ನಾನು.

ದುಡ್ಡಿನ ಲೆಕ್ಕ ಇನ್ನೂ ನಗು ತರಿಸಿತು. ವರ್ಷಕ್ಕೆ ಎರಡು ಸೆಟ್ ಆಲ್ಕಲೈನ್ ಎಂದರೆ 400 ರೂಪಾಯಿ. ನಾನು ಖರ್ಚು ಮಾಡಿದ್ದು 2,800. ಏಳು ವರ್ಷದ ಸೆಲ್ ಖರ್ಚು! ನಾವಿರುವುದೋ 11 ತಿಂಗಳ ಕರಾರಿನ ಬಾಡಿಗೆ ಮನೆಯಲ್ಲಿ. ರೀಚಾರ್ಜಬಲ್ ಸೆಲ್ ದುಡ್ಡು ಉಳಿಸುವುದು ಬೇಗ ಬೇಗ ಖಾಲಿಯಾಗುವ ಕಡೆ: ಮಕ್ಕಳ ಆಟಿಕೆ, ಕ್ಯಾಮೆರಾದ ಫ್ಲ್ಯಾಶ್, ದಿನವಿಡೀ ಬಳಸುವ ವೈರ್‌ಲೆಸ್ ಮೌಸ್. ವರ್ಷಕ್ಕೆರಡು ಸಲ ಸೆಲ್ ಬೇಡುವ ಬೀಗದಲ್ಲಿ ಅಲ್ಲ.

ಈಗ ನಮ್ಮ ಬಾಗಿಲಿನಲ್ಲಿ

ಈಗ ಬೀಗದಲ್ಲಿ ಆಲ್ಕಲೈನ್ ಇದೆ. ನಾಲ್ಕನ್ನೂ ಒಟ್ಟಿಗೇ ಬದಲಿಸುತ್ತೇವೆ, ಹಳೆಯದು ಹೊಸದು ಬೆರೆಸುವುದಿಲ್ಲ. ಬೀಗ ಬೇಡವೆಂದ ಸೆಲ್ಲುಗಳು ಗೋಡೆ ಗಡಿಯಾರದಲ್ಲಿ ಇನ್ನೂ ತಿಂಗಳುಗಟ್ಟಲೆ ದುಡಿಯುತ್ತವೆ. ಅಲ್ಲೂ ಸತ್ತ ಮೇಲೆ ಬಿಡುವಂತಿಲ್ಲ, ಒಳಗಿನ ಕ್ಷಾರ ಸೋರಿ ಲೋಹದ ಪಟ್ಟಿಯನ್ನು ತಿನ್ನುತ್ತದೆ. ಅವನ್ನು ಕಸದ ಬುಟ್ಟಿಗೂ ಹಾಕುವುದಿಲ್ಲ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡುತ್ತೇವೆ. ಬಳಸಿದ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸುವ ನಿಯಮ 2022ರಲ್ಲೇ ಬಂದಿದೆ.

ನಿಮ್ಮ ಬೀಗಕ್ಕೆ ರೀಚಾರ್ಜಬಲ್ಲೇ ಬೇಕೆಂದರೆ ಮೊದಲು ಕೈಪಿಡಿ ಓದಿ. ಕೆಲವು ಬೀಗಗಳ ಆ್ಯಪ್‌ನಲ್ಲಿ ಸೆಲ್ಲಿನ ಬಗೆ ಆರಿಸಲು ಅವಕಾಶವಿರುತ್ತದೆ. ಕೆಲವದರಲ್ಲಿ ಚಾರ್ಜ್ ಮಾಡುವ ಬ್ಯಾಟರಿಯೇ ಬರುತ್ತದೆ. ನಿಕ್ಕಲ್ ಸೆಲ್ ಆದರೆ ಸುಮ್ಮನೆ ಇಟ್ಟರೂ ಚಾರ್ಜ್ ಹೆಚ್ಚು ಸೋರದ ಬಗೆಯದನ್ನೇ ಕೊಳ್ಳಿ. ಪರ್ಸೆಂಟ್ ನಂಬಬೇಡಿ, ಕ್ಯಾಲೆಂಡರ್ ನಂಬಿ. ಬಾಡಿಗೆ ಕಟ್ಟುವ ದಿನವನ್ನೇ ಚಾರ್ಜ್ ಮಾಡುವ ದಿನ ಮಾಡಿಕೊಳ್ಳಿ. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಚಿಲಕ ಉಜ್ಜಿದರೆ ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತದೆ, ಅದನ್ನೂ ಸರಿ ಮಾಡಿಸಿ. ಆಲ್ಕಲೈನ್ ಸೆಲ್ಲನ್ನು ಮಾತ್ರ ಯಾವತ್ತೂ ಚಾರ್ಜರಿಗೆ ಹಾಕಬೇಡಿ.

ನಮ್ಮ ಇನ್ನೊಂದು ಕೀಲಿ ಈಗ ಕೆಳಮನೆಯ ಅಕ್ಕನ ಹತ್ತಿರ ಇದೆ. ಹೊರಗಿನ ಚಪ್ಪಲಿ ಸ್ಟ್ಯಾಂಡಿನಲ್ಲಿ, ತುದಿಗೆ ಟೇಪ್ ಸುತ್ತಿದ ಒಂದು ಒಂಬತ್ತು ವೋಲ್ಟಿನ ಬ್ಯಾಟರಿ ಕುಳಿತಿದೆ.

ಇಂಟರ್‌ವ್ಯೂ ಏನಾಯಿತು?

ಹೋದೆ. ಅದು ಟೆಸ್ಟಿಂಗ್ ಕೆಲಸ. ಉರುಹೊಡೆದ ಪ್ರಾಜೆಕ್ಟ್ ವಿವರಣೆಗೆ ಅವರು ಆಕಳಿಸಿದರು. ‘ಈಚೆಗೆ ನೀವೇ ಪತ್ತೆ ಹಚ್ಚಿದ ಒಂದು ದೋಷ ಹೇಳಿ’ ಎಂದಾಗ ಹಿಂದಿನ ರಾತ್ರಿಯ ಕತೆ ಹೇಳಿದೆ. ನಕ್ಕರು, ಬಿಳಿ ಬೋರ್ಡಿನ ಮೇಲೆ ಮೂರೂ ಸೆಲ್ಲಿನ ಗ್ರಾಫ್ ಬರೆಸಿದರು. ಬರೆದೆ. ಮುಂದಿನ ಸುತ್ತಿನ ಕೋಡಿಂಗ್ ಪರೀಕ್ಷೆಯಲ್ಲಿ ಎಡವಿದೆ. ಎರಡು ವಾರದ ನಂತರ ‘ವಿಷಾದಿಸುತ್ತೇವೆ’ ಎಂಬ ಮೇಲ್ ಬಂತು.

ಆ ಸಂಜೆ ತರೀಕೆರೆಯಿಂದ ಅಪ್ಪ ಫೋನ್ ಮಾಡಿದರು. ವರ್ಷದಿಂದ ಅವರು ಕೇಳುವ ಪ್ರಶ್ನೆ ಒಂದೇ, ‘ಹೇಗಿದ್ದೀಯ ಪುಟ್ಟಿ?’ ನಾನು ಹೇಳುವ ಉತ್ತರವೂ ಒಂದೇ, ‘ಚೆನ್ನಾಗಿದ್ದೀನಪ್ಪಾ.’ ಟ್ಯೂಷನ್ನಿನ ಇಬ್ಬರು ಮಕ್ಕಳು ಬಿಟ್ಟುಹೋದಾಗಲೂ, ರಾತ್ರಿ ಬಿಸ್ಕತ್ತು ತಿಂದು ಮಲಗಿದಾಗಲೂ ಅದೇ ಉತ್ತರ. ಅವತ್ತು ಮಾತ್ರ ನನಗೆ ನಮ್ಮ ಬೀಗದ ಆ್ಯಪ್ ನೆನಪಾಯಿತು.

ಚಿಕ್ಕಂದಿನಲ್ಲಿ ತೋಟಕ್ಕೆ ನೀರು ಬಿಡಲು ಹೋಗುವಾಗ ಅಪ್ಪನ ಕೈಯಲ್ಲಿ ಮೂರು ಸೆಲ್ಲಿನ ಟಾರ್ಚ್ ಇರುತ್ತಿತ್ತು. ಬೆಳಕು ಹಳದಿಗೆ ತಿರುಗಿದರೆ ಮರುದಿನ ಸೆಲ್ಲುಗಳನ್ನು ಬಿಸಿಲಿಗೆ ಇಡುತ್ತಿದ್ದರು, ಸಂತೆಗೆ ಹೋದಾಗ ಹೊಸದು ತರುತ್ತಿದ್ದರು. ಮಂಕಾದದ್ದು ಕಂಡಿದ್ದರಿಂದಲೇ ಅವರು ಕತ್ತಲಲ್ಲಿ ಸಿಕ್ಕಿಬೀಳುತ್ತಿರಲಿಲ್ಲ.

‘ಅಷ್ಟೇನೂ ಚೆನ್ನಾಗಿಲ್ಲಪ್ಪಾ’ ಎಂದೆ. ಆಚೆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ‘ಎರಡು ದಿನ ಊರಿಗೆ ಬಾ. ಕೋಡಿಂಗ್ ಅಂದರೇನು ಅಂತ ನಂಗೂ ಹೇಳಿಕೊಡು’ ಎಂದರು.

ಹೋಗಿ ಬಂದೆ. ಈಗ ಒಂದು ಸಣ್ಣ ಕಂಪನಿಯಲ್ಲಿ ತರಬೇತಿಗೆ ಸೇರಿದ್ದೇನೆ, ಸ್ಟೈಪೆಂಡ್ ಕಡಿಮೆ. ಬೆಳಿಗ್ಗೆ ಕೋಡಿಂಗ್ ಕಲಿಯುತ್ತಿದ್ದೇನೆ. ಆ ಲಿಥಿಯಂ ಸೆಲ್ಲುಗಳು ನನ್ನ ಮೌಸಿನಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿವೆ. ಅವು ಹೇಳದೆ ನಿಂತರೂ ಅಲ್ಲಿ ಯಾರೂ ಬಾಗಿಲ ಹೊರಗೆ ಉಳಿಯುವುದಿಲ್ಲ.