ಅಡ್ಡ ಹೋಗುವ ಹರಿಗೋಲು, ಉದ್ದ ಹೋಗುವ ಹೊಳೆ

ಹೊನಗುಂಟಾದ ಭೀಮಾ ಹೊಳೆಯ ದಂಡೆಯಲ್ಲಿ ಹರಿಗೋಲೊಂದನ್ನು ಬೋರಲು ಹಾಕಿದ್ದಾರೆ. ಬಿದಿರ ದಬ್ಬೆಗಳ ಹೆಣಿಗೆ, ಅದರ ಮೇಲೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಬಿಚ್ಚಿ ಹೊಲಿದ ಹೊದಿಕೆ. ಮೂರು ಕಲ್ಲಿನ ಒಲೆಯ ಮೇಲೆ ಎಣ್ಣೆ ಡಬ್ಬಿಯಲ್ಲಿ ಡಾಂಬರು ಕುದಿಯುತ್ತಿದೆ. ಕೋಲಿನ ತುದಿಗೆ ಚಿಂದಿ ಸುತ್ತಿಕೊಂಡ ಅಂಬಿಗ ಅದನ್ನು ಡಬ್ಬಿಯಲ್ಲಿ ಅದ್ದಿ, ಹೊಲಿಗೆ ಇರುವಲ್ಲೆಲ್ಲ ಒಂದು ಗೆರೆ ಎಳೆಯುತ್ತಾನೆ. ಎಳೆದ ಮೇಲೆ ಬೆರಳಿನಿಂದ ಒತ್ತಿ ನೋಡುತ್ತಾನೆ. ಬೆರಳು ಸುಡುವುದಿಲ್ಲವೆ ಎಂದು ಕೇಳಬೇಕೆನಿಸುತ್ತದೆ, ಆದರೆ ಆ ಬೆರಳು ನೋಡಿದರೆ ಉತ್ತರ ಅಲ್ಲೇ ಇದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ದೊಮಿಂಗೊ ಪಾಯಸ್ ಆನೆಗೊಂದಿಯ ಹತ್ತಿರ ಜನ ಹೊಳೆ ದಾಟುವುದನ್ನು ಕಂಡು ಬರೆದಿಟ್ಟ: ಬುಟ್ಟಿಯ ಹಾಗೆ ದುಂಡಗಿನ ದೋಣಿ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಕೂರಬಹುದು, ಅಗತ್ಯಬಿದ್ದರೆ ಕುದುರೆ ಎತ್ತುಗಳೂ ಏರುತ್ತವೆ. 500 ವರ್ಷದಲ್ಲಿ ಇಲ್ಲಿ ಬದಲಾಗಿದ್ದು ಚರ್ಮ ಹೋಗಿ ಯೂರಿಯಾ ಚೀಲ ಬಂದದ್ದು.

ಹರಿಗೋಲಿನಲ್ಲಿ ಹೊಳೆಯ ಉದ್ದಕ್ಕೆ, ರಾಯಚೂರು ಸೀಮೆಯವರೆಗೆ, ಗಡಿ ಮುಟ್ಟುವವರೆಗೆ ಹೋಗಬಹುದೆ ಅಂದರೆ ಅಂಬಿಗ ಡಾಂಬರಿನ ಕೋಲು ಕೆಳಗಿಡದೆ ನಕ್ಕ. "ಹೊಳಿ ಇರಾದು ದಾಟ್ಲಾಕ್ರಿ, ತಿರಗ್ಯಾಡ್ಲಾಕಲ್ಲ."

ಜಗತ್ತಿನ ಬೇರೆ ಕಡೆ ತಿರುಗಾಡುತ್ತಾರೆ. ಥಾಯ್ಲೆಂಡ್ ಗಡಿ ದಾಟಿ ಲಾವೋಸಿನ ಹುಯೆ ಸಾಯಿಯಲ್ಲಿ ಮೆಕಾಂಗ್ ನದಿಯ ನಿಧಾನದ ದೋಣಿ ಹತ್ತಿದರೆ, ಪಾಕ್‌ಬೆಂಗ್ ಎಂಬ ಊರಲ್ಲಿ ರಾತ್ರಿ ತಂಗಿ, ಎರಡನೆಯ ದಿನ ಲುವಾಂಗ್ ಪ್ರಬಾಂಗ್ ಸೇರಬಹುದು. ನಮ್ಮ ದೇಶದಲ್ಲೇ 2023ರ ಜನವರಿಯಲ್ಲಿ ವಾರಾಣಸಿಯಿಂದ ಹೊರಟ 'ಗಂಗಾ ವಿಲಾಸ' ಎಂಬ ತೇಲುವ ಅರಮನೆ ಬಾಂಗ್ಲಾದೇಶದ ಒಳಹೊಕ್ಕು ಹೊರಬಂದು ಅಸ್ಸಾಮಿನ ದಿಬ್ರುಗಢ ತಲುಪುವುದಕ್ಕೆ 51 ದಿನಗಳ ಕಾರ್ಯಕ್ರಮ ಹಾಕಿಕೊಂಡಿತ್ತು. ಭೀಮೆಗೂ ಅಂಥ ಭಾಗ್ಯ ಕಾಗದದ ಮೇಲೆ ಬಂದಿದೆ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆ ಹೆಸರಿಸಿದ 111 ಜಲಮಾರ್ಗಗಳಲ್ಲಿ ಭೀಮೆಯೂ ಒಂದು. ಈ ಸುದ್ದಿ ಹೊನಗುಂಟಾದ ದಂಡೆಗೆ ಇನ್ನೂ ಮುಟ್ಟಿದಂತಿಲ್ಲ. ಇಲ್ಲಿ ದೋಣಿ ಅಡ್ಡ ಹೋಗುತ್ತದೆ, ಉದ್ದಕ್ಕೆ ಹೋಗುವುದು ನೀರೊಂದೇ. ಅನೇಕ ದಿನ ತೆಗೆದುಕೊಂಡು, ಅವಸರವಿಲ್ಲದೆ, ಗಡಿಗಳನ್ನು ದಾಟುವ ಪ್ರಯಾಣ ನಮ್ಮಲ್ಲಿ ನಡೆಯುವುದು ಹೊಳೆಯದೇ. ಮನುಷ್ಯ ಅದನ್ನು ತುಂಡು ತುಂಡಾಗಿ ಹಿಂಬಾಲಿಸಬಹುದು: ಒಂದಿಷ್ಟು ಹರಿಗೋಲಿನಲ್ಲಿ, ಒಂದಿಷ್ಟು ಕಾಲುದಾರಿಯಲ್ಲಿ, ಉಳಿದದ್ದು ಪ್ಯಾಸೆಂಜರ್ ಗಾಡಿಯಲ್ಲಿ.

ಹೊನಗುಂಟಾದಲ್ಲಿ ಕೂಡುವುದು ಕಾಗಿಣಾ ಮತ್ತು ಭೀಮಾ. ಭೀಮೆ ಮಹಾರಾಷ್ಟ್ರದ ಭೀಮಾಶಂಕರದಿಂದ ಬಂದವಳು, ಒಟ್ಟು 861 ಕಿಲೋಮೀಟರು ನಡೆಯುವವಳು. ಆದರೆ ಶಹಾಬಾದಿನವರಿಗೆ, ಸೇಡಂ ಚಿತ್ತಾಪುರದವರಿಗೆ ಮನೆಯ ಹೊಳೆ ಕಾಗಿಣಾ. ಅದು ಹುಟ್ಟುವುದು ಪರರಾಜ್ಯದಲ್ಲಿ, ತೆಲಂಗಾಣದ ವಿಕಾರಾಬಾದ್ ಹತ್ತಿರದ ಅನಂತಗಿರಿ ಗುಡ್ಡಗಳಲ್ಲಿ. ಅದೇ ಗುಡ್ಡಗಳಿಂದ ಮೂಸಿ ಪೂರ್ವಕ್ಕೆ ಇಳಿದು ಹೈದರಾಬಾದಿನ ನಡುವೆ ಹಾಯುತ್ತದೆ, ಕಾಗಿಣಾ ಪಶ್ಚಿಮಕ್ಕೆ ಇಳಿದು ತಾಂಡೂರು ಮುಟ್ಟಿ ನಮ್ಮ ಕಡೆ ಬರುತ್ತದೆ. ಬೆನ್ನು ತಿರುಗಿಸಿ ಹೊರಟ ಎರಡೂ ಕೊನೆಗೆ ಸೇರುವುದು ಕೃಷ್ಣೆಯ ಹೊಟ್ಟೆಗೇ.

ತಾಂಡೂರಿನಿಂದ ಈಚೆಗೆ ಹೊಳೆ ಗಡಿ ದಾಟುತ್ತದೆ ಅನ್ನುವುದು ಈಗಿನ ಮಾತು. 1956ರವರೆಗೆ ಅಲ್ಲಿ ದಾಟಲು ಯಾವ ಗಡಿಯೂ ಇರಲಿಲ್ಲ. ತಾಂಡೂರು, ಕೊಡಂಗಲ್ ಎರಡೂ ಗುಲಬರ್ಗಾ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವು. ರಾಜ್ಯ ಪುನರ್ವಿಂಗಡಣೆಯಾದಾಗ ಅವು ಆಂಧ್ರಕ್ಕೆ ಹೋದವು, ಜಿಲ್ಲೆಯ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಬಂತು. ನೆಲದ ಅಡಿಯ ಕಲ್ಲಿಗೆ ಈ ಆದೇಶ ತಿಳಿಯಲಿಲ್ಲ. ಆಚೆ ಅದನ್ನು ತಾಂಡೂರು ಕಲ್ಲು ಎಂದು ಮಾರುತ್ತಾರೆ, ಈಚೆ ಶಹಾಬಾದ ಕಲ್ಲು ಎಂದು. ಒಂದೇ ಭೀಮಾ ಕೊಳ್ಳದ ಸುಣ್ಣಕಲ್ಲು, ಎರಡು ಅಂಗಡಿ ಬೋರ್ಡು. ಸೇಡಮ್ಮಿನ ಸಂತೆಯಲ್ಲಿ ತೊಗರಿಯ ದರ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಜಗ್ಗಾಡಿ ಉರ್ದುವಿನಲ್ಲಿ ಮುಗಿಯುವುದನ್ನು ಕೇಳಿದವರಿಗೆ ಆ ಆದೇಶ ಮನುಷ್ಯರಿಗೂ ಪೂರ್ತಿ ತಿಳಿದಿಲ್ಲ ಅನ್ನಿಸುತ್ತದೆ.

ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ಹಾದುಹೋಗುವ ಊರುಗಳಲ್ಲಿ ನಿಂತು ನೋಡಬೇಕಾದ್ದು ಮಳಖೇಡ. ರಾಷ್ಟ್ರಕೂಟರ ಮಾನ್ಯಖೇಟ ಇದೇ. ಅಮೋಘವರ್ಷ ನೃಪತುಂಗ 9ನೆಯ ಶತಮಾನದಲ್ಲಿ ಆರು ದಶಕಕ್ಕೂ ಹೆಚ್ಚು ಕಾಲ ಆಳಿದ ರಾಜಧಾನಿ. ಅರಬರ ವರ್ತಕ ಸುಲೇಮಾನನ ಹೆಸರಿನಲ್ಲಿರುವ 851ರ ವೃತ್ತಾಂತ ಜಗತ್ತಿನ ನಾಲ್ಕು ದೊಡ್ಡ ದೊರೆಗಳಲ್ಲಿ 'ಬಲ್ಹರಾ' ಒಬ್ಬನೆಂದು ಎಣಿಸಿತು, ರಾಷ್ಟ್ರಕೂಟರ ವಲ್ಲಭರಾಜ ಅರಬರ ಬಾಯಲ್ಲಿ ಹಾಗಾದ. ಈಗ ಕೋಟೆಯ ಬುರುಜಿನ ಮೇಲಿಂದ ಕಾಣುವುದು ಹೊಳೆಯ ತಿರುವು, ಮುತ್ತಿಕೊಂಡ ಜಾಲಿಗಿಡ, ಆಚೆ ಸಿಮೆಂಟ್ ಕಾರ್ಖಾನೆಯ ಚಿಮಣಿ. ದಂಡೆಯಲ್ಲಿ ಟೀಕಾಚಾರ್ಯ ಜಯತೀರ್ಥರ ಬೃಂದಾವನವಿರುವ ಮಠ. ಮಳೆಗಾಲ ಜೋರಾದರೆ ಹೊಳೆ ಸೇತುವೆಯ ಮೇಲೆ ಹರಿಯುತ್ತದೆ, ಮಠದ ಅಂಗಳಕ್ಕೂ ನುಗ್ಗುತ್ತದೆ. 2020ರ ಅಕ್ಟೋಬರಿನಲ್ಲಿ ಹಾಗೆ ಬಂದ ನೀರನ್ನು ಊರು ಇನ್ನೂ ನೆನೆಸುತ್ತದೆ. ಆಗ ಮಳಖೇಡದ ಓಣಿಯಲ್ಲಿ ದೋಣಿ ಉದ್ದಕ್ಕೂ ಹೋಗುತ್ತದೆ, ಅಡ್ಡಕ್ಕೂ ಹೋಗುತ್ತದೆ, ಆದರೆ ಅದಕ್ಕೆ ಯಾರೂ ಪ್ರವಾಸ ಅನ್ನುವುದಿಲ್ಲ. ಬೇಸಿಗೆಯಲ್ಲಿ ಇದೇ ಜಾಗದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿಯದೆ ಹೊಳೆ ದಾಟಬಹುದು.

ಚಿಂಚೋಳಿ ಕಡೆಯಿಂದ ಮುಲ್ಲಾಮಾರಿ ಬಂದು ಸೇರುತ್ತದೆ, ಬೆಣ್ಣೆತೊರೆ ಬಂದು ಸೇರುತ್ತದೆ. ಎಲ್ಲವನ್ನೂ ಕೂಡಿಸಿಕೊಂಡು ಕಾಗಿಣಾ ಹೊನಗುಂಟಾಕ್ಕೆ ಬರುವ ಹೊತ್ತಿಗೆ ದಂಡೆಯೇ ಬೇರೆಯಾಗಿರುತ್ತದೆ. ಮಣ್ಣಿನ ಗೋಡೆ ಹೋಗಿ ಪರಸಿಯ, ಅಂದರೆ ಆ ಶಹಾಬಾದ ಕಲ್ಲಿನ, ಪದರ ತೆರೆದುಕೊಳ್ಳುತ್ತದೆ. ಪೇರಿಸಿಟ್ಟ ಖಡಕ್ ರೊಟ್ಟಿಯ ಹಾಗೆ ತೆಳ್ಳಗೆ, ಒಂದರ ಮೇಲೊಂದು, ಬೂದು, ತಿಳಿನೀಲಿ, ನಡುನಡುವೆ ಮಾಸಿದ ಹಳದಿ. ನೀರು ಕೆಳಗಿನ ಪದರವನ್ನು ತಿಂದು ಒಳಗೆ ಹೋದಲ್ಲಿ ಮೇಲಿನ ಹಾಸು ಮುಂಚಾಚಿ ನಿಂತಿರುತ್ತದೆ, ಬಟ್ಟೆ ಒಗೆಯುವವರಿಗೆ ಯಾರೂ ಕಟ್ಟದ ಕಟ್ಟೆ ಅದು. ಉತ್ತರ ಕರ್ನಾಟಕದಿಂದ ಮುಂಬಯಿವರೆಗೆ ಎಷ್ಟೋ ಮನೆ, ಶಾಲೆ, ರೈಲ್ವೆ ಪ್ಲಾಟ್‌ಫಾರಂಗಳ ನೆಲಕ್ಕೆ ಹೋದದ್ದು ಈ ಕಲ್ಲೇ. ಖಣಿಯಲ್ಲಿ ಸಿಡಿಮದ್ದು ಬೇಕಾಗುವುದಿಲ್ಲ, ಪದರದ ಸಂದಿಗೆ ಹಾರೆ ಹಾಕಿ ಮೀಟಿದರೆ ಹಲಗೆಯೇ ಎದ್ದು ಬರುತ್ತದೆ ಎಂದು ಶಹಾಬಾದಿನ ಹಳೆಯ ಕೆಲಸಗಾರರು ಹೆಮ್ಮೆಯಿಂದ ಹೇಳುವುದುಂಟು.

ಡಾಂಬರು ಒಣಗಿದ ಇನ್ನೊಂದು ಹರಿಗೋಲು ನೀರಿಗೆ ಇಳಿಯಿತು. ಆಚೆ ದಂಡೆ ಜೇವರ್ಗಿ ತಾಲ್ಲೂಕು. ಒಳಗೆ ನಾವು ನಾಲ್ಕು ಜನ, ಒಂದು ಸೈಕಲ್ಲು, ಹಿಂಡಿಯ ಚೀಲ. ಅಂಬಿಗ ಮೊದಲು ಹತ್ತಲಿಲ್ಲ. ಹಗ್ಗ ಹಿಡಿದು ದಂಡೆಯ ಗುಂಟ ನೀರಿನ ಎದುರಿಗೆ ನಡೆದ, ಹರಿಗೋಲನ್ನು ಎಳೆದುಕೊಂಡು ಬಹಳ ಮೇಲಕ್ಕೆ ಒಯ್ದ. ಆಮೇಲೆ ಹತ್ತಿ ಮುಂಭಾಗದಲ್ಲಿ ಮೊಣಕಾಲೂರಿ ಕೂತ. ಹುಟ್ಟನ್ನು ಪಕ್ಕದಲ್ಲಿ ಹಾಕುವಂತಿಲ್ಲ, ಹಾಕಿದರೆ ದುಂಡು ದೋಣಿ ಬುಗುರಿಯಾಗುತ್ತದೆ. ಮುಂದೆ ಚಾಚಿ, ನೀರಿನೊಳಗೆ ಎಡಕ್ಕೆ ಬಲಕ್ಕೆ ತಿರುವುತ್ತ ತನ್ನ ಕಡೆ ಎಳೆದುಕೊಳ್ಳಬೇಕು. ಆಗಲೂ ಅದು ಸ್ವಲ್ಪ ಸುತ್ತುತ್ತದೆ: ಎದುರಿಗಿದ್ದ ಜೇವರ್ಗಿ ನಿಧಾನಕ್ಕೆ ಬಗಲಿಗೆ ಬರುತ್ತದೆ, ಬೆನ್ನ ಹಿಂದಿನ ಕಾಗಿಣಾದ ಬಾಯಿ ಒಂದು ಸಲ ಎದುರಿಗೆ ಬಂದು ಹೋಗುತ್ತದೆ. ಎರಡು ಹೊಳೆಯ ನೀರು ಕೂಡಿದ ಮೇಲೂ ಸ್ವಲ್ಪ ದೂರ ಒಂದಾಗುವುದಿಲ್ಲ, ಒಂದರ ಕೆಂಪು, ಇನ್ನೊಂದರ ಬೂದು, ನಡುವೆ ಕಸಕಡ್ಡಿ ನೊರೆಯ ಒಂದು ಗೆರೆ. ಆ ಗೆರೆ ದಾಟುವಾಗ ತಳದ ಬಿದಿರು ಪಾದದ ಕೆಳಗೆ ಮಿಸುಕಿತು. ದಂಡೆ ಮುಟ್ಟಿದಾಗ ತಿಳಿಯಿತು, ಮೇಲಕ್ಕೆ ಎಳೆದಷ್ಟೂ ದೂರವನ್ನು ಹೊಳೆ ದಾಟುವ ಹೊತ್ತಿನಲ್ಲಿ ವಾಪಸು ತೆಗೆದುಕೊಂಡಿತ್ತು. ಅಡ್ಡ ಹೋಗುವುದು ಅಂದರೂ ಒಂದಷ್ಟು ಉದ್ದ ಹೋಗಲೇಬೇಕು, ಅದು ಹೊಳೆಯ ಸುಂಕ.

ಅಲ್ಲಿಂದ ಕೆಳಗೆ ಚಿತ್ತಾಪುರ ತಾಲ್ಲೂಕಿನ ಸನ್ನತಿ. ಉದ್ದಕ್ಕೆ ಹೋಗುವ ದೋಣಿ ಇದ್ದಿದ್ದರೂ ಇಲ್ಲಿ ನಿಲ್ಲಲೇಬೇಕಿತ್ತು, ಸೇತುವೆ ಸಹಿತ ಬ್ಯಾರೇಜು ಹೊಳೆಯ ಅಗಲಕ್ಕೆ ನಿಂತಿದೆ. ಯಾದಗಿರಿ ಕಡೆ ಇಂಥವು ಇನ್ನೂ ಇವೆ. ಹಿನ್ನೀರಿನಲ್ಲಿ ಮೀನುಗಾರರ ತೆಪ್ಪಗಳು ಒಂದೊಂದೇ ಚುಕ್ಕಿಯಾಗಿ ಕೂತಿರುತ್ತವೆ. ದಂಡೆಯ ಮೇಲೆ ಚಂದ್ರಲಾ ಪರಮೇಶ್ವರಿಯ ಗುಡಿ. 1986ರಲ್ಲಿ ಆ ಆವರಣದ ಕಾಳಿ ಗುಡಿಯ ಚಾವಣಿ ಕುಸಿದು ಮೂರ್ತಿ ಒಡೆದಾಗ, ಅದರ ಪೀಠವಾಗಿದ್ದ ಚಪ್ಪಡಿಯಲ್ಲಿ ಅಶೋಕನ ಶಾಸನ ಕಂಡಿತು. ಹತ್ತಿರದ ಕನಗನಹಳ್ಳಿಯಲ್ಲಿ ಆಮೇಲೆ ನಡೆದ ಉತ್ಖನನದಲ್ಲಿ ದೊಡ್ಡ ಸ್ತೂಪವೇ ಹೊರಬಿತ್ತು, ಜೊತೆಗೆ ರಾಣಿಯರೊಂದಿಗೆ ನಿಂತ ದೊರೆಯೊಬ್ಬನ ಉಬ್ಬುಚಿತ್ರ, ಮೇಲೆ ಬ್ರಾಹ್ಮಿಯಲ್ಲಿ 'ರಾಯೊ ಅಸೋಕೊ'. ಅಶೋಕನ ಹೆಸರು ಬರೆದು ಅಶೋಕನನ್ನೇ ತೋರಿಸಿದ ಶಿಲ್ಪ ಇದು. ಕೆತ್ತಿದ್ದು ಈ ಸೀಮೆಯ ಸುಣ್ಣಕಲ್ಲಿನಲ್ಲೇ. ಹೊನಗುಂಟಾದಲ್ಲಿ ಬಟ್ಟೆ ಒಗೆಯುವ ಹಾಸುಗಲ್ಲಿನ ನೆಂಟರ ಮೇಲೆ ಮೌರ್ಯ ಚಕ್ರವರ್ತಿ ನಿಂತಿದ್ದಾನೆ.

ಸನ್ನತಿಯಿಂದ ಮುಂದೆ ನಾನು ಹೊಳೆ ಬಿಟ್ಟು ವಾಡಿಗೆ ಬಂದೆ. ವಾಡಿ ಜಂಕ್ಷನ್ನಿನ ಚಹಾ ಕುಡಿಯದೆ ಈ ಭಾಗದಲ್ಲಿ ಯಾವ ಪ್ರಯಾಣವೂ ಆಗುವುದಿಲ್ಲ. 1874ರಲ್ಲಿ ಇಲ್ಲಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾದಾಗ, ಮುಂಬಯಿಯಿಂದ ಬಂದ ಇಂಗ್ಲಿಷರ ಹಳಿಗೂ ಹೈದರಾಬಾದಿನ ಹಳಿಗೂ ಗಂಟು ಬಿದ್ದದ್ದು ಈ ಊರಲ್ಲೇ. ರಾಯಚೂರು ಕಡೆಯ ಗಾಡಿ ಭೀಮೆಯನ್ನು ಬಲಗಡೆ ದೂರದಲ್ಲಿ ಇಟ್ಟುಕೊಂಡು ಹೋಗುತ್ತದೆ. ನಾಲವಾರ, ಯಾದಗಿರಿ, ಸೈದಾಪುರ. ಎರಡೂ ಕಡೆ ತೊಗರಿಯ ಹಳದಿ ಹೂ, ಮೊಣಕಾಲೆತ್ತರದ ಬಿಳಿಜೋಳ. ಸೈದಾಪುರ ದಾಟಿದ ಮೇಲೆ ಗಾಡಿ ಯಾವ ಸದ್ದೂ ಮಾಡದೆ ತೆಲಂಗಾಣಕ್ಕೆ ಹೋಗುತ್ತದೆ. ಕೃಷ್ಣಾ ಎಂಬ ಸ್ಟೇಷನ್ನು ನಾರಾಯಣಪೇಟ ಜಿಲ್ಲೆಯದು. ಗಾಡಿಯಲ್ಲೇ ಕೂತಿದ್ದರೆ ಮುಂದಿನ ಉದ್ದನೆಯ ಸೇತುವೆಯ ಮೇಲೆ ಕೃಷ್ಣೆಯನ್ನು ದಾಟಿ ಮತ್ತೆ ಕರ್ನಾಟಕ, ಶಕ್ತಿನಗರದ ಉಷ್ಣಸ್ಥಾವರದ ಹೊಗೆ. ನಾನು ಇಳಿದೆ.

ಭೀಮೆ ಕೃಷ್ಣೆಗೆ ಸೇರುವ ಜಾಗ ಇಲ್ಲಿಂದ ದೂರವಿಲ್ಲ. ಈ ಕಡೆ ತೆಲಂಗಾಣದ ತಂಗಡಗಿ, ಹೊಳೆಯಾಚೆ ರಾಯಚೂರು ತಾಲ್ಲೂಕಿನ ಕಾಡ್ಲೂರು. ಸಂಗಮದ ಮರಳಿನ ಮೇಲೆ ನಿಂತವನನ್ನು ಯಾವ ರಾಜ್ಯದವನು ಎಂದು ಯಾರೂ ಕೇಳುವುದಿಲ್ಲ. ಕೇಳಿಸಿಕೊಂಡದ್ದು ನೀರು ಮಾತ್ರ. 1969ರಲ್ಲಿ ನೇಮಕವಾದ ಬಚಾವತ್ ನ್ಯಾಯಮಂಡಳಿ ಮಹಾರಾಷ್ಟ್ರಕ್ಕಿಷ್ಟು, ಕರ್ನಾಟಕಕ್ಕಿಷ್ಟು, ಆಂಧ್ರಕ್ಕಿಷ್ಟು ಎಂದು ಟಿಎಂಸಿಗಳಲ್ಲಿ ಹಂಚಿಕೊಟ್ಟಿತು, ಜಗಳ ಇನ್ನೂ ನಡೆದಿದೆ. ಗಡಿಯಲ್ಲಿ ಲೆಕ್ಕ ಕೊಟ್ಟು ಮುಂದೆ ಹೋಗಬೇಕಾದ ಪ್ರಯಾಣಿಕ ಈ ಸೀಮೆಯಲ್ಲಿ ಹೊಳೆಯೊಂದೇ.

ನೀರಿನ ಈ ದಾರಿಯನ್ನು ಮೊದಲಿಂದಲೂ ಹಿಡಿದು ನಡೆದವರು ದತ್ತ ಭಕ್ತರು. ಭೀಮಾತೀರದ ಗಾಣಗಾಪುರ ನೃಸಿಂಹ ಸರಸ್ವತಿಗಳ ಸ್ಥಾನ, ಕೃಷ್ಣೆಯ ನಡುಗಡ್ಡೆ ಕುರುವಪುರ ಅವರಿಗಿಂತ ಮುಂಚಿನ ಅವತಾರವೆಂದು ನಂಬುವ ಶ್ರೀಪಾದ ಶ್ರೀವಲ್ಲಭರ ಸ್ಥಾನ. ಸೊಲ್ಲಾಪುರ, ಪುಣೆ ಕಡೆಯ ಜನ ಗಾಣಗಾಪುರದಲ್ಲಿ ಮಾಧುಕರಿ ಬೇಡಿ, ಸ್ನಾನ ಮುಗಿಸಿ, ಕುರುವಪುರಕ್ಕೆ ಬರುತ್ತಾರೆ. ಅವರ ಜೀಪು ಯಾವ ರಸ್ತೆ ಹಿಡಿದರೂ ಗಾಣಗಾಪುರದಲ್ಲಿ ಮೈ ತೊಳೆದ ನೀರು ಅವರಿಗಿಂತ ತಡವಾಗಿ ಕುರುವಪುರಕ್ಕೇ ಬರುತ್ತಿರುತ್ತದೆ.

ಮಕ್ತಲ್ ಮೇಲೆ ಹಾದು ಪಂಚದೇವ ಪಹಾಡ ಎಂಬ ತೆಲಂಗಾಣದ ಹಳ್ಳಿಗೆ ಬಂದರೆ ಕೃಷ್ಣೆಯ ದಂಡೆ. ಕುರುವಪುರದ ನಡುಗಡ್ಡೆ ಕರ್ನಾಟಕದ್ದು, ರಾಯಚೂರು ಜಿಲ್ಲೆಯದು. ಇಲ್ಲಿ ಹರಿಗೋಲಿಗೆ ಪುಟ್ಟಿ ಎನ್ನುತ್ತಾರೆ. ರಾಜ್ಯದ ಗಡಿಯನ್ನು ದೋಣಿಯಲ್ಲಿ ದಾಟಬೇಕೆಂದು ಹೊರಟವನಿಗೆ ಸಿಗುವುದು ಇದೇ: ಮರಾಠಿ ಮಾತಾಡುವ ಒಂದು ದೊಡ್ಡ ಕುಟುಂಬ, ತೆಂಗಿನಕಾಯಿಯ ಚೀಲ, ಕಾಲು ಚಾಚಲು ಆಗದ ಅಜ್ಜಿ, ತೆಲುಗಿನಲ್ಲಿ ಗದರುತ್ತ ಕನ್ನಡದಲ್ಲಿ ಸಮಾಧಾನ ಹೇಳುವ ಅಂಬಿಗ. "ಮಧ್ಯದಾಗ ಕುಂದರ್ರಿ, ಅಂಚಿಗಿ ಕೈ ಇಡಬ್ಯಾಡ್ರಿ." ಕೆಳಗೆ ಜುರಾಲಾ ಅಣೆಕಟ್ಟಿರುವುದರಿಂದ ನೀರಿಗೆ ಓಟವಿಲ್ಲ, ಹೊನಗುಂಟಾದಲ್ಲಿ ಕೊಟ್ಟಷ್ಟು ಸುಂಕ ಇಲ್ಲಿ ಕೊಡಬೇಕಾಗಿರಲಿಲ್ಲ. ನಡುನೀರಿನಲ್ಲಿ ಎಲ್ಲೋ ಗಡಿ ಹೋಗಿರಬೇಕು. ಅಜ್ಜಿ ಕಣ್ಣುಮುಚ್ಚಿ ದಿಗಂಬರಾ ದಿಗಂಬರಾ ಅನ್ನುತ್ತಿದ್ದಳು, ಮೊಮ್ಮಗ ಫೋನಿನಲ್ಲಿ ವಿಡಿಯೊ ಹಿಡಿಯುತ್ತಿದ್ದ.

ನಡುಗಡ್ಡೆಯ ಬಂಡೆಗೆ ಪುಟ್ಟಿ ತಾಗಿದ ಮೇಲೆ, ಉದ್ದಕ್ಕೆ ಹೋಗುವ ಅದೇ ಪ್ರಶ್ನೆಯನ್ನು ಇವನಿಗೂ ಕೇಳಿದೆ. ಇವನು ನಗಲಿಲ್ಲ, ಲೆಕ್ಕ ಹಾಕಿದ. ಹೋಗುವುದು ಸುಲಭವಂತೆ, ನೀರೇ ಒಯ್ಯುತ್ತದೆ. ತಿರುಗಿ ಬರುವಾಗ ಪುಟ್ಟಿಯನ್ನು ತಲೆಯ ಮೇಲೆ ಬೋರಲು ಹೊತ್ತು ದಂಡೆಗುಂಟ ನಡೆಯಬೇಕು, ಅವನ ಅಜ್ಜ ಹಾಗೆ ಹೊತ್ತದ್ದುಂಟು. "ಈಗ ಹೊರೋರು ಯಾರ್ರೀ? ಟಾಟಾ ಏಸ್ ಬಾಡಿಗಿ ನೀವು ಕೊಡ್ತೀರಂದ್ರ ನಾಳಿಗಿ ಹೊಂಡೂನು." ಆಚೆ ದಂಡೆಯಲ್ಲಿ ಇನ್ನೊಂದು ಜೀಪು ಬಂದು ನಿಂತು ಹಾರ್ನ್ ಹೊಡೆಯತೊಡಗಿತ್ತು. ಬಾಡಿಗೆ ಎಷ್ಟಾದೀತು ಎಂದು ನಾನು ಕೇಳುವುದರೊಳಗೆ ಅವನು ಪುಟ್ಟಿಯನ್ನು ತೆಲಂಗಾಣದ ಕಡೆ ತಿರುಗಿಸಿಯಾಗಿತ್ತು.